ನಕ್ಷೆ ಮೇಲೆ ನಾವು ನೋಡೇ ಇಲ್ಲದವರ ಸೀಲ್! ಆರ್ಕಿಟೆಕ್ಟ್ ಲೈಸೆನ್ಸ್ ಬಗ್ಗೆ ತಿಳಿದವರು ಹೇಳಿ

ಮೇಲ್ಮಹಡಿ
ಎಲ್ಲರಿಗೂ ನಮಸ್ಕಾರ. ನಮ್ಮದೊಂದು ಜಿಲ್ಲಾ ಕೇಂದ್ರ. 40×60 ಸೈಟಿನಲ್ಲಿ ಕೆಳಗೊಂದು, ಮೇಲೊಂದು ಮನೆ ಕಟ್ಟಿಸುತ್ತಿದ್ದೇವೆ. ಪರಿಚಯದವರು ಹೇಳಿದ ಆಫೀಸಿಗೆ ಹೋದೆವು. ಬೋರ್ಡಿನಲ್ಲಿ 'ಆರ್ಕಿಟೆಕ್ಟ್ಸ್ ಅಂಡ್ ಬಿಲ್ಡರ್ಸ್' ಎಂದು ದೊಡ್ಡದಾಗಿ ಇದೆ. ಡ್ರಾಯಿಂಗ್ ಇಷ್ಟವಾಯಿತು, ಅಡ್ವಾನ್ಸ್ ಕೊಟ್ಟೆವು. ಈಗ ಸ್ಯಾಂಕ್ಷನ್‌ಗೆ ಹಾಕುವ ನಕ್ಷೆ ಕೈಗೆ ಬಂದಿದೆ. ಅದರ ಮೂಲೆಯಲ್ಲಿ ಇರುವ ಸೀಲು, ಸಹಿ ನಾವು ಒಮ್ಮೆಯೂ ನೋಡದ ಬೇರೆ ಊರಿನವರದ್ದು. ಕೇಳಿದರೆ "ಅದೆಲ್ಲ ಫಾರ್ಮಾಲಿಟಿ ಸರ್" ಅಂದರು.

ಆರ್ಕಿಟೆಕ್ಟ್ ಅಂತ ಬೋರ್ಡ್ ಹಾಕಲು ಲೈಸೆನ್ಸ್ ಬೇಕಾ? ಯಾರು ಕೊಡುತ್ತಾರೆ? ಆಫೀಸಿಗೆ ಬೇರೆ, ವ್ಯಕ್ತಿಗೆ ಬೇರೆ ಅಂತ ಇದೆಯಾ? ನಾಳೆ ಹೆಚ್ಚುಕಮ್ಮಿಯಾದರೆ ಯಾರನ್ನು ಕೇಳಬೇಕು, ಬೋರ್ಡಿನವರನ್ನೋ ಸೀಲಿನವರನ್ನೋ?

ಸಿಮೆಂಟ್_ಸೀನ
ಎಲ್ಲ ಊರಲ್ಲೂ ಹೀಗೇ ನಡೆಯುವುದು. ಸ್ಯಾಂಕ್ಷನ್ ಬಂತಾ ನೋಡಿ, ಕೆಲಸ ಶುರು ಮಾಡಿ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಹಂಚಿನಮನೆ
ಸೀನ ಅವರೇ, ಅಷ್ಟು ಸುಲಭವಾಗಿ ಬಿಡುವ ವಿಷಯ ಅಲ್ಲ ಇದು. ನಾನು ಮಂಗಳೂರಿನಲ್ಲಿ ಪ್ರಾಕ್ಟೀಸ್ ಮಾಡುವ ಆರ್ಕಿಟೆಕ್ಟ್. ಸ್ವಲ್ಪ ಉದ್ದ ಆಗುತ್ತದೆ.

ಇದಕ್ಕೆಂದೇ ಇರುವ ಕೇಂದ್ರದ ಕಾನೂನು 1972ರ ಆರ್ಕಿಟೆಕ್ಟ್ಸ್ ಕಾಯ್ದೆ. ಅದರ ಪ್ರಕಾರ ದೆಹಲಿಯಲ್ಲಿ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಇದೆ. ಮಾನ್ಯತೆ ಇರುವ ಕಾಲೇಜಿನಲ್ಲಿ 5 ವರ್ಷದ ಬಿ.ಆರ್ಕ್ ಮುಗಿಸಿದವರು ಅಲ್ಲಿ ಹೆಸರು ನೋಂದಾಯಿಸಬೇಕು. ಒಂದು ನಂಬರ್ ಸಿಗುತ್ತದೆ. 'ಸಿಎ' ಎಂದು ಶುರುವಾಗಿ, ನೋಂದಣಿಯಾದ ವರ್ಷ, ಆಮೇಲೆ ಸಂಖ್ಯೆ. ಇಡೀ ದೇಶಕ್ಕೆ ಅದೊಂದೇ. ಆಗಾಗ ನವೀಕರಣ ಮಾಡಿಸುತ್ತಿರಬೇಕು. ಕೌನ್ಸಿಲ್ ವೆಬ್‌ಸೈಟಿನಲ್ಲಿ ಹೆಸರು ಅಥವಾ ನಂಬರ್ ಹಾಕಿ ಯಾರು ಬೇಕಾದರೂ ಹುಡುಕಬಹುದು. ಮೇಲ್ಮಹಡಿ ಅವರೇ, ಮೊದಲು ಆ ಸೀಲಿನಲ್ಲಿರುವ ನಂಬರ್ ಹಾಕಿ ನೋಡಿ. ಆಮೇಲೆ ಬೋರ್ಡಿನವರ ಹೆಸರು ಹಾಕಿ ನೋಡಿ.

ನೋಂದಣಿ ಇಲ್ಲದವರು ಆರ್ಕಿಟೆಕ್ಟ್ ಅಂತ ಕರೆದುಕೊಳ್ಳುವ ಹಾಗಿಲ್ಲ. ಇದು ಕಾಯ್ದೆಯ 37ನೇ ಸೆಕ್ಷನ್. ಇನ್ನು ಆಫೀಸಿನ ವಿಷಯ. ಕಾಯ್ದೆ ನೋಂದಾಯಿಸುವುದು ಮನುಷ್ಯರನ್ನು, ಆಫೀಸನ್ನಲ್ಲ. 'ಆರ್ಕಿಟೆಕ್ಟ್ಸ್' ಎಂದು ಹೆಸರಿಟ್ಟ ಪಾರ್ಟ್‌ನರ್‌ಶಿಪ್ ಆದರೆ ಎಲ್ಲ ಪಾರ್ಟ್‌ನರ್‌ಗಳೂ ನೋಂದಾಯಿತ ಆರ್ಕಿಟೆಕ್ಟ್‌ಗಳೇ ಆಗಿರಬೇಕು ಎನ್ನುವುದು ಕೌನ್ಸಿಲ್ ನಿಲುವು. ಗೋಡೆಗೆ ಫ್ರೇಮ್ ಹಾಕಿ ತೂಗುಬಿಟ್ಟಿರುವ ಟ್ರೇಡ್ ಲೈಸೆನ್ಸು, ಜಿಎಸ್‌ಟಿ ಪತ್ರ, ಕಾರ್ಮಿಕ ಇಲಾಖೆಯ ನೋಂದಣಿ, ಇವು ಯಾವುವೂ ಆರ್ಕಿಟೆಕ್ಟ್ ಲೈಸೆನ್ಸ್ ಅಲ್ಲ. ಬೇಕರಿಗೂ ಅವು ಇರುತ್ತವೆ.

ಮೂರನೇ_ಕ್ರಾಸ್
ಸುಳ್ಳು ಬೋರ್ಡ್ ಹಾಕಿದರೆ ಶಿಕ್ಷೆ ಏನು?

ಹಂಚಿನಮನೆ
ಕಾಯ್ದೆಯಲ್ಲಿ ಬರೆದಿರುವುದು ಮೊದಲ ಸಲ 500 ರೂಪಾಯಿವರೆಗೆ ದಂಡ. ಮತ್ತೆ ಸಿಕ್ಕಿಬಿದ್ದರೆ 6 ತಿಂಗಳವರೆಗೆ ಜೈಲು, ಅಥವಾ 1000 ರೂಪಾಯಿವರೆಗೆ ದಂಡ, ಅಥವಾ ಎರಡೂ. 1972ರಲ್ಲಿ 500 ರೂಪಾಯಿಗೆ ಬೆಲೆ ಇತ್ತು. ಇವತ್ತು ಆ ದಂಡಕ್ಕೆ ಯಾರು ಹೆದರುತ್ತಾರೆ ಹೇಳಿ? ನನಗೆ ಇದರ ಬಗ್ಗೆ ನಿಜಕ್ಕೂ ಸಿಟ್ಟಿದೆ. ಸಾಲದ್ದಕ್ಕೆ ಯಾರೋ ಒಬ್ಬರು ನೇರವಾಗಿ ಕೋರ್ಟಿಗೆ ಹೋಗಿ ಕೇಸ್ ಹಾಕಲು ಆಗುವುದಿಲ್ಲ. ಕೌನ್ಸಿಲ್ ಆದೇಶದಿಂದ ಅಥವಾ ಅದು ಅಧಿಕಾರ ಕೊಟ್ಟವರಿಂದ ದೂರು ಹೋಗಬೇಕು.

ಕರಿಕೋಟು
ಹಂಚಿನಮನೆ ಮೇಡಂ ಹೇಳಿದ್ದಕ್ಕೆ ಒಂದು ಮುಖ್ಯ ತಿದ್ದುಪಡಿ. 37ನೇ ಸೆಕ್ಷನ್ ಕಾಪಾಡುವುದು ಹೆಸರನ್ನು ಮಾತ್ರ, ಕೆಲಸವನ್ನಲ್ಲ. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ವಿರುದ್ಧ ಮುಕೇಶ್ ಗೋಯಲ್ ಎನ್ನುವ ಪ್ರಕರಣ. ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್ ಮತ್ತು ಅಜಯ್ ರಸ್ತೋಗಿ ಅವರ ಪೀಠ. ನೋಯ್ಡಾ ಪ್ರಾಧಿಕಾರದಲ್ಲಿ 'ಅಸೋಸಿಯೇಟ್ ಆರ್ಕಿಟೆಕ್ಟ್' ಹುದ್ದೆಗೆ ಆರ್ಕಿಟೆಕ್ಚರ್ ಪದವಿ ಇಲ್ಲದವರನ್ನು ತೆಗೆದುಕೊಳ್ಳಬಹುದೇ ಎನ್ನುವುದು ಜಗಳ.

ಕೋರ್ಟ್ ಹೇಳಿದ್ದು ಎರಡು ಮಾತು. ಒಂದು, ನೋಂದಣಿ ಇಲ್ಲದವರು ಕಟ್ಟಡ ವಿನ್ಯಾಸ ಮಾಡುವುದನ್ನು ಈ ಕಾಯ್ದೆ ತಡೆಯುವುದಿಲ್ಲ. ಎರಡು, ಅಂಥವರು 'ಆರ್ಕಿಟೆಕ್ಟ್' ಎಂಬ ಹೆಸರು ಹಾಕಿಕೊಳ್ಳುವ ಹಾಗಿಲ್ಲ, ಸರ್ಕಾರಿ ಹುದ್ದೆಯ ಹೆಸರಿನಲ್ಲೂ ಇರುವ ಹಾಗಿಲ್ಲ.

ಅಂದರೆ ಮೇಲ್ಮಹಡಿ ಅವರ ಡ್ರಾಯಿಂಗ್ ಬಿಡಿಸಿದ್ದು ತಪ್ಪಲ್ಲ. ಪದವಿ, ನೋಂದಣಿ ಇಲ್ಲದೆ ಆ ಬೋರ್ಡ್ ಹಾಕಿದ್ದರೆ ಅದು ತಪ್ಪು. ಸೀಲಿನ ವಿಷಯ ಇವೆರಡಕ್ಕಿಂತ ಬೇರೆ, ಅದಕ್ಕೇ ಜಾಸ್ತಿ ಗಮನ ಕೊಡಿ.

ಬೆಣ್ಣೆದೋಸೆ
ವಕೀಲರಿಗೆ ಧನ್ಯವಾದ! ನಾನು ದಾವಣಗೆರೆಯ ಸಿವಿಲ್ ಇಂಜಿನಿಯರ್. ಇಂಥ ಚರ್ಚೆ ಬಂದಾಗಲೆಲ್ಲ ಇಂಜಿನಿಯರುಗಳು ಕಳ್ಳರು ಎನ್ನುವ ಹಾಗೆ ಮಾತು ಹೋಗುತ್ತದೆ. ನಮ್ಮ ಕಡೆ ಸಣ್ಣ ಊರುಗಳಲ್ಲಿ ಆರ್ಕಿಟೆಕ್ಟ್ ಸಿಗುವುದೇ ಕಷ್ಟ. ಮನೆಗಳನ್ನು ನಿಲ್ಲಿಸಿದ್ದು ನಾವು. ಸ್ಥಳೀಯ ಸಂಸ್ಥೆಗಳು ನಮಗೂ ಲೈಸೆನ್ಸ್ ಕೊಡುತ್ತವೆ. ನಮ್ಮ ಹೆಸರಿನಲ್ಲೇ ನಕ್ಷೆ ಸಲ್ಲಿಸುತ್ತೇವೆ, ನಮ್ಮ ಸೀಲೇ ಹಾಕುತ್ತೇವೆ.

2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ತೆಗೆದು ನೋಡಿ. 500 ಚದರ ಮೀಟರ್‌ವರೆಗಿನ ಸೈಟು, 5 ಅಂತಸ್ತು ಅಥವಾ 16 ಮೀಟರ್ ಎತ್ತರದವರೆಗೆ ಇಂಜಿನಿಯರ್ ನಕ್ಷೆ ಮಾಡಬಹುದು ಎಂದಿದೆ. 40×60 ಅಂದರೆ ಸುಮಾರು 223 ಚದರ ಮೀಟರ್. ಅದಕ್ಕೆ ಇಂಜಿನಿಯರ್ ಸಾಕು.

ಹಂಚಿನಮನೆ
ಸಾಕು ಎನ್ನುವುದನ್ನು ನಾನು ಒಪ್ಪುತ್ತೇನೆ. ಆದರೆ ಆ ಸಂಹಿತೆ ಒಂದು ಮಾದರಿ. ಊರಿನ ಬೈಲಾ, ಅಂದರೆ ಅಲ್ಲಿನ ಕಟ್ಟಡ ನಿಯಮ, ಏನು ಹೇಳುತ್ತದೆ ಅದೇ ಅಲ್ಲಿ ನಡೆಯುವುದು. ಇಂಜಿನಿಯರ್ ತಾನು ಇಂಜಿನಿಯರ್ ಎಂದೇ ಹೇಳಿಕೊಂಡು ಕೆಲಸ ಮಾಡಿದರೆ ನನಗೆ ಯಾವ ತಕರಾರೂ ಇಲ್ಲ. ನಿಮ್ಮ ಬೋರ್ಡಿನಲ್ಲಿ ಏನಿದೆ ಬೆಣ್ಣೆದೋಸೆ ಸರ್?

ಬೆಣ್ಣೆದೋಸೆ
'ಕನ್ಸಲ್ಟಿಂಗ್ ಇಂಜಿನಿಯರ್' ಎಂದಿದೆ. ಹದಿನೈದು ವರ್ಷದಿಂದ ಅದೇ ಬೋರ್ಡು. ಹೆಮ್ಮೆಯಿಂದ ಹಾಕಿಕೊಂಡಿದ್ದೇನೆ.

ಹಂಚಿನಮನೆ
ಹಾಗಾದರೆ ನಿಮಗೂ ನನಗೂ ಜಗಳವೇ ಇಲ್ಲ 🙏

ಬೆಣ್ಣೆದೋಸೆ
ಇನ್ನೊಂದು ಮಾತು ಬಾಕಿ ಇದೆ. ಆರ್ಕಿಟೆಕ್ಟ್ ನೋಂದಣಿ ಇದ್ದ ಮಾತ್ರಕ್ಕೆ ಮನೆ ಗಟ್ಟಿ ಎಂದು ಜನ ತಿಳಿಯುತ್ತಾರೆ. ಪಾಯ ಎಷ್ಟು ಆಳ, ಕಂಬಕ್ಕೆ ಎಷ್ಟು ಕಬ್ಬಿಣ, ಇದನ್ನು ಲೆಕ್ಕ ಹಾಕುವುದು ಸ್ಟ್ರಕ್ಚರಲ್ ಇಂಜಿನಿಯರ್. ಮೇಲ್ಮಹಡಿ ಅವರೇ, ಕಪ್ಪು ಮಣ್ಣಿನ ಊರಾದರೆ ಮಣ್ಣು ಪರೀಕ್ಷೆ ಮಾಡಿಸದೆ ಮುಂದೆ ಹೋಗಬೇಡಿ. ಸ್ಟ್ರಕ್ಚರಲ್ ಡ್ರಾಯಿಂಗ್ ಬೇರೆ ಕೇಳಿ, ಅದರ ಮೇಲೂ ಯಾರ ಸಹಿ ಇದೆ ನೋಡಿ.

ಟ್ರೇಸಿಂಗ್_ಪೇಪರ್
ನನ್ನದು ಪಾಲಿಟೆಕ್ನಿಕ್ ಡಿಪ್ಲೊಮಾ. ಒಂದು ಆಫೀಸಿನಲ್ಲಿ ಡ್ರಾಫ್ಟ್ಸ್‌ಮನ್. ಪ್ಲ್ಯಾನ್, ಎಲಿವೇಶನ್, ಸೆಕ್ಷನ್, ಎಲ್ಲ ನನ್ನ ಕೈಯಲ್ಲೇ ಆಗುವುದು. ಸೈಟಿಗೂ ನಾನೇ ಓಡುತ್ತೇನೆ, ಮೇಸ್ತ್ರಿಗಳಿಗೆ ನನ್ನ ಮುಖವೇ ಗೊತ್ತು. ಸಹಿ ಮಾತ್ರ ತಿಂಗಳಿಗೊಮ್ಮೆ ಬರುವವರದ್ದು. ಕೌನ್ಸಿಲ್ ಪ್ರಕಾರ ನಾನು ಯಾರೂ ಅಲ್ಲ. ಐದು ವರ್ಷ ಬಿ.ಆರ್ಕ್ ಓದಲು ನಮ್ಮ ಮನೆಯಲ್ಲಿ ದುಡ್ಡಿರಲಿಲ್ಲ. ಕೆಲಸ ಗೊತ್ತಿರುವವರಿಗೆ ಪರೀಕ್ಷೆ ಬರೆದು ಒಳಗೆ ಬರುವ ದಾರಿ ಯಾಕಿಲ್ಲ?

ಹಂಚಿನಮನೆ
ತಮ್ಮಾ, ನಿಮ್ಮ ಮಾತು ನ್ಯಾಯವಾದದ್ದು. ಕಾಯ್ದೆ ಬಂದ ಹೊಸದರಲ್ಲಿ, ಮೊದಲ ಪಟ್ಟಿ ತಯಾರಾಗುವಾಗ, ಪದವಿ ಇಲ್ಲದಿದ್ದರೂ ವರ್ಷಗಟ್ಟಲೆ ಪ್ರಾಕ್ಟೀಸ್ ಮಾಡಿದವರನ್ನು ಸೇರಿಸಿಕೊಳ್ಳಲು ಅವಕಾಶ ಇತ್ತು. ಆಮೇಲೆ ಆ ಬಾಗಿಲು ಮುಚ್ಚಿತು. ಈಗ ಪದವಿಯೇ ದಾರಿ. ಕೆಲಸ ಮಾಡುತ್ತಲೇ ಓದುವ ಒಂದು ದಾರಿ ಇರಲೇಬೇಕು ಎಂದು ನಾನೂ ನಂಬುತ್ತೇನೆ. ನಮ್ಮ ಆಫೀಸಿನಲ್ಲಿ ಡ್ರಾಯಿಂಗ್ ಶೀಟಿನ ಮೇಲೆ ಬಿಡಿಸಿದವರ ಹೆಸರನ್ನೂ ಹಾಕುತ್ತೇವೆ.

ಥೀಸಿಸ್_ಮುಗೀತು
ಒಂದು ಕಡೆ ನಾನು ಒಪ್ಪಲ್ಲ. ಐದು ವರ್ಷ ನಿದ್ದೆ ಬಿಟ್ಟು ಓದಿದ್ದೇವೆ. ಬೆಳಕು, ಗಾಳಿ, ಇತಿಹಾಸ, ಹವಾಮಾನ, ಊರು ಹೇಗೆ ಬೆಳೆಯುತ್ತದೆ, ಇದೆಲ್ಲ ಕಲಿತಿದ್ದೇವೆ. ಆಟೋಕ್ಯಾಡ್ ಬಂದರೆ ಆರ್ಕಿಟೆಕ್ಟ್ ಆಗುವುದಿಲ್ಲ. ಹೊರಗೆ ಬಂದರೆ ಸಂಬಳ ಎಷ್ಟು ಗೊತ್ತಾ? ನನ್ನ ಜೊತೆ ಪಿಯುಸಿ ಓದಿದವರು ಅದರ ದುಪ್ಪಟ್ಟು ತೆಗೆದುಕೊಳ್ಳುತ್ತಾರೆ. ಆ ಹೆಸರೊಂದೇ ನಮಗೆ ಉಳಿದಿರುವುದು. ಅದನ್ನೂ ಎಲ್ಲರಿಗೂ ಹಂಚಿಬಿಡಿ ಅಂದರೆ ಹೇಗೆ?

ಟ್ರೇಸಿಂಗ್_ಪೇಪರ್
ಹಂಚಿ ಅಂತ ಕೇಳಲಿಲ್ಲ. ಪರೀಕ್ಷೆ ಇಡಿ, ಪಾಸಾದರೆ ಕೊಡಿ ಅಂದೆ. ಅಷ್ಟಕ್ಕೂ ಬಿ.ಆರ್ಕ್ ಮುಗಿದ ಮೇಲೆ ನಿಮಗೆ ಲೈಸೆನ್ಸ್ ಪರೀಕ್ಷೆಯೇ ಇಲ್ಲವಲ್ಲ. ಅರ್ಜಿ ಹಾಕಿದರೆ ನಂಬರ್ ಬರುತ್ತದೆ.

ಥೀಸಿಸ್_ಮುಗೀತು
ಇಲ್ಲ ನಿಜ. ಇರಬೇಕಿತ್ತು ಎಂದು ನಮ್ಮಲ್ಲೇ ಎಷ್ಟೋ ಜನ ಹೇಳುತ್ತಾರೆ.

ಡಲ್ಲಾಸ್_ಕನ್ನಡಿಗ
ನಾನು ಬೆಂಗಳೂರಿನಲ್ಲಿ ಬಿ.ಆರ್ಕ್ ಓದಿ ಈಗ ಟೆಕ್ಸಾಸ್‌ನಲ್ಲಿದ್ದೇನೆ. ಇಲ್ಲಿ ಡಿಗ್ರಿ ಮುಗಿದ ಮಾತ್ರಕ್ಕೆ ಆರ್ಕಿಟೆಕ್ಟ್ ಎನ್ನುವ ಹಾಗಿಲ್ಲ. 3,740 ಗಂಟೆ ಕೆಲಸದ ಅನುಭವವನ್ನು ದಾಖಲು ಮಾಡಬೇಕು. ಆರು ಭಾಗದ ಪರೀಕ್ಷೆ ಪಾಸಾಗಬೇಕು. ಅದಾದ ಮೇಲೆ ರಾಜ್ಯದ ಬೋರ್ಡ್ ಲೈಸೆನ್ಸ್ ಕೊಡುತ್ತದೆ. ಪಕ್ಕದ ರಾಜ್ಯದಲ್ಲಿ ಕೆಲಸ ಮಾಡಬೇಕಾದರೆ ಅಲ್ಲಿನ ಲೈಸೆನ್ಸ್ ಬೇರೆ. ನಮ್ಮ ದೇಶದ ಹಾಗೆ ಒಂದು ನಂಬರ್ ಎಲ್ಲ ಕಡೆ ನಡೆಯುವುದಿಲ್ಲ.

ಆಫೀಸಿನ ವಿಷಯ ರಾಜ್ಯಕ್ಕೊಂದು ಥರ. ಟೆಕ್ಸಾಸ್‌ನಲ್ಲಿ ಸಂಸ್ಥೆಯೂ ಬೋರ್ಡಿನಲ್ಲಿ ನೋಂದಾಯಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ ಸಂಸ್ಥೆಗೆ ಲೈಸೆನ್ಸ್ ಇಲ್ಲ, ಆದರೆ ಕೆಲಸವೆಲ್ಲ ಲೈಸೆನ್ಸ್ ಇರುವ ಒಬ್ಬರ ಹಿಡಿತದಲ್ಲೇ ಇರಬೇಕು. ಮೇಲ್ಮಹಡಿ ಅವರು ಹೇಳಿದ ಹಾಗೆ ನೋಡದೇ ಸೀಲ್ ಒತ್ತಿದರೆ ಇಲ್ಲಿ ಲೈಸೆನ್ಸ್‌ಗೇ ಕುತ್ತು ಬರುತ್ತದೆ.

ಒಂದು ಆಶ್ಚರ್ಯದ ಸಂಗತಿ ಹೇಳುತ್ತೇನೆ. ಟೆಕ್ಸಾಸ್‌ನಲ್ಲಿ ಒಂದು ಕುಟುಂಬದ ಅಥವಾ ಎರಡು ಕುಟುಂಬದ ಮನೆಗೆ ಆರ್ಕಿಟೆಕ್ಟ್ ಬೇಕೇ ಬೇಕು ಎಂದಿಲ್ಲ. ಮೇಲ್ಮಹಡಿ ಅವರ ಮನೆ ಇಲ್ಲಿದ್ದರೆ ಈ ಸೀಲಿನ ಪ್ರಶ್ನೆಯೇ ಬರುತ್ತಿರಲಿಲ್ಲ.

ಮೂರನೇ_ಕ್ರಾಸ್
ಬ್ರಿಟನ್‌ನಲ್ಲೂ ಹೆಸರಿಗೆ ಮಾತ್ರ ರಕ್ಷಣೆ, ಕೆಲಸಕ್ಕಲ್ಲ ಅಂತ ಕೇಳಿದ್ದೆ.

ಕರಿಕೋಟು
ಹೌದು. ಅಲ್ಲಿ 1997ರ ಆರ್ಕಿಟೆಕ್ಟ್ಸ್ ಆಕ್ಟ್ ಇದೆ. ಹೆಸರು ಹಾಕಿಕೊಳ್ಳಲು ಮಾತ್ರ ನೋಂದಣಿ ಬೇಕು.

ಸಿಲ್ಕ್_ಬೋರ್ಡ್_ನಿವಾಸಿ
ಹಾಗಾದರೆ ನನ್ನ ಕಥೆ ಏನು? ನನ್ನ ಹುದ್ದೆ 'ಸಾಫ್ಟ್‌ವೇರ್ ಆರ್ಕಿಟೆಕ್ಟ್'. ಬೆಂಗಳೂರಲ್ಲಿ ನಮ್ಮಂಥವರು ಸಾವಿರಗಟ್ಟಲೆ ಇದ್ದೇವೆ. ಎಲ್ಲರೂ 500 ರೂಪಾಯಿ ಕಟ್ಟಬೇಕಾ?

ಥೀಸಿಸ್_ಮುಗೀತು
ಕೆಲಸ ಹುಡುಕುವ ಸೈಟಿನಲ್ಲಿ 'ಆರ್ಕಿಟೆಕ್ಟ್' ಎಂದು ಹಾಕಿದರೆ ನಿಮ್ಮವೇ ಬರುತ್ತವೆ ಸರ್. ನಮ್ಮ ಕೆಲಸ ಹುಡುಕಲು ಪುಟಗಟ್ಟಲೆ ಕೆಳಗೆ ಹೋಗಬೇಕು. ನಿಜವಾಗಲೂ ಬೇಜಾರಾಗುತ್ತದೆ.

ಕರಿಕೋಟು
ಕಾಯ್ದೆಯಲ್ಲಿ ಹೆಸರು ಹೇಳಿ ಬಿಟ್ಟಿರುವುದು ಎರಡನ್ನು, ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಮತ್ತು ಹಡಗು ವಿನ್ಯಾಸ ಮಾಡುವ ನೇವಲ್ ಆರ್ಕಿಟೆಕ್ಟ್. 1972ರಲ್ಲಿ ಸಾಫ್ಟ್‌ವೇರ್ ಆರ್ಕಿಟೆಕ್ಟ್ ಯಾರ ತಲೆಯಲ್ಲೂ ಇರಲಿಲ್ಲ. ಅಕ್ಷರಕ್ಕೆ ಅಕ್ಷರ ಓದಿದರೆ ಪ್ರಶ್ನೆ ಏಳುತ್ತದೆ. ಆದರೆ ಕಾಯ್ದೆಯ ಉದ್ದೇಶ ಕಟ್ಟಡದ ಕೆಲಸ. ನಿಮ್ಮನ್ನು ನೋಡಿ ಯಾರೂ ಮನೆ ಕಟ್ಟಿಸಲು ಬರುವುದಿಲ್ಲ ಅಲ್ವಾ. ತಿದ್ದುಪಡಿ ಮಾಡಿ ಸ್ಪಷ್ಟ ಮಾಡಿದರೆ ಒಳ್ಳೆಯದು.

ಈಶಾನ್ಯ
ಅದೆಲ್ಲ ಇರಲಿ, ವಾಸ್ತು ಹೇಳುವವರಿಗೆ ಲೈಸೆನ್ಸ್ ಇದೆಯಾ? ನಮ್ಮ ಮನೆಯ ಸ್ಯಾಂಕ್ಷನ್ ಆದ ನಕ್ಷೆಯನ್ನು ಒಬ್ಬರು ಬಂದು ನೋಡಿ ಅಡುಗೆಮನೆ, ಮೆಟ್ಟಿಲು ಎರಡನ್ನೂ ತಿರುಗಿಸಿದರು. ಈಗ ಕಟ್ಟಿದ್ದಕ್ಕೂ ನಕ್ಷೆಗೂ ಸಂಬಂಧವೇ ಇಲ್ಲ.

ಹಂಚಿನಮನೆ
ವಾಸ್ತು ಹೇಳುವವರಿಗೆ ಯಾವ ಲೈಸೆನ್ಸೂ ಇಲ್ಲ, ಇಂಟೀರಿಯರ್ ಡಿಸೈನರ್ ಎನ್ನುವ ಹೆಸರಿಗೂ ಈ ಕಾಯ್ದೆ ಇಲ್ಲ. ನಂಬಿಕೆ ಇದ್ದರೆ ನಕ್ಷೆ ಮಾಡುವ ಮೊದಲೇ ಕೇಳಿಸಿಕೊಳ್ಳಿ. ನಾನೇ ಎಷ್ಟೋ ಮನೆಗಳಿಗೆ ಅವರನ್ನು ಮೊದಲೇ ಕೂರಿಸಿಕೊಂಡು ಮಾತಾಡಿದ್ದೇನೆ. ಸ್ಯಾಂಕ್ಷನ್ ಆದ ಮೇಲೆ ಬದಲಿಸಿದರೆ ತಿದ್ದಿದ ನಕ್ಷೆಯನ್ನು ಮತ್ತೆ ಸಲ್ಲಿಸಬೇಕಾಗುತ್ತದೆ. ಇಲ್ಲದಿದ್ದರೆ ಕೊನೆಗೆ ಒಸಿ (ಕಟ್ಟಿ ಮುಗಿದ ಮೇಲೆ ವಾಸಕ್ಕೆ ಕೊಡುವ ಪ್ರಮಾಣಪತ್ರ) ಹೊತ್ತಿಗೆ ಸಿಕ್ಕಿಹಾಕಿಕೊಳ್ಳುತ್ತೀರಿ.

ಮೂರನೇ_ಕ್ರಾಸ್
ಒಸಿ ಎಂದಿರಲ್ಲ, ನನಗೆ ಆದದ್ದೇ ಅದು. ಮೇಲ್ಮಹಡಿ ಅವರೇ, ದಯವಿಟ್ಟು ಇದನ್ನು ಗಮನವಿಟ್ಟು ಓದಿ.

ನಮ್ಮದು ಬೆಂಗಳೂರಿನ ಹೊರವಲಯ. ನಿಮ್ಮ ಥರವೇ, ಮಾತಾಡಿದವರು ಒಬ್ಬರು, ಸೀಲ್ ಇನ್ನೊಬ್ಬರದ್ದು. ಸ್ಯಾಂಕ್ಷನ್ ಸಲೀಸಾಗಿ ಆಯಿತು. ಮನೆ ಎದ್ದಿತು. ಒಸಿಗೆ ಅರ್ಜಿ ಹಾಕುವಾಗ ಗೊತ್ತಾಯಿತು, ಕೆಲಸ ನಕ್ಷೆ ಪ್ರಕಾರ ಮುಗಿದಿದೆ ಎಂದು ನೋಂದಾಯಿತ ವೃತ್ತಿಪರರೊಬ್ಬರು ಪ್ರಮಾಣಪತ್ರ ಕೊಡಬೇಕು ಎಂದು. ಸೀಲಿನವರಿಗೆ ಫೋನ್ ಮಾಡಿದೆ. "ನಾನು ಆ ಸೈಟೇ ನೋಡಿಲ್ಲ, ನೋಡದೆ ಹೇಗೆ ಸಹಿ ಹಾಕಲಿ?" ಎಂದರು. ಸ್ಯಾಂಕ್ಷನ್ ನಕ್ಷೆಗೆ ನೋಡದೇ ಸಹಿ ಹಾಕಿದ್ದವರೇ ಅವರು! ನಮ್ಮ ಜೊತೆ ಮಾತಾಡಿದವರು ಆ ಹೊತ್ತಿಗೆ ಆಫೀಸನ್ನೇ ಬೇರೆ ಕಡೆಗೆ ಎತ್ತಿದ್ದರು. ಬೇರೆ ಆರ್ಕಿಟೆಕ್ಟ್ ಹತ್ತಿರ ಹೋದರೆ, ಮೊದಲಿನವರಿಂದ ಎನ್ಒಸಿ (ಆಕ್ಷೇಪಣೆ ಇಲ್ಲ ಎನ್ನುವ ಪತ್ರ) ತನ್ನಿ ಎಂದರು. ಮನೆಯವರೆಲ್ಲ ಸೋತು ಹೋದೆವು.

ಕರಿಕೋಟು
ಇದೇ ನೋಡಿ ಸೀಲ್ ಬಾಡಿಗೆಯ ನಿಜವಾದ ತೊಂದರೆ. ಡ್ರೈವಿಂಗ್ ಲೈಸೆನ್ಸ್ ಒಬ್ಬರದು, ಗಾಡಿ ಓಡಿಸುವವರು ಇನ್ನೊಬ್ಬರು ಅಂದ ಹಾಗೆ. ಬೆಂಗಳೂರಿನ 2003ರ ಬೈಲಾದಲ್ಲಿ ಇದು ಸ್ಪಷ್ಟವಾಗಿದೆ. ಕೆಲಸ ಮುಗಿದಾಗ ನೋಂದಾಯಿತ ಆರ್ಕಿಟೆಕ್ಟ್, ಇಂಜಿನಿಯರ್ ಅಥವಾ ಸೂಪರ್‌ವೈಸರ್ ಪ್ರಮಾಣಪತ್ರ ಕೊಡಬೇಕು. ಅಂದರೆ ಆ ಸಹಿ ಶುರುವಿನಲ್ಲಿ ಒಂದು ಸಲ ಬೇಕು, ಕೊನೆಯಲ್ಲಿ ಇನ್ನೊಂದು ಸಲ ಬೇಕು. ಶುರುವಿನದ್ದನ್ನು ಮಾತ್ರ ದುಡ್ಡು ಕೊಟ್ಟು ತಂದರೆ ಕೊನೆಯದಕ್ಕೆ ಯಾರೂ ಇರುವುದಿಲ್ಲ.

2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಉತ್ತರ ಪ್ರದೇಶದ ಅಕ್ರಮ ಕಟ್ಟಡದ ಪ್ರಕರಣವೊಂದರಲ್ಲಿ, ಒಸಿ ನೋಡಿಯೇ ಕರೆಂಟು, ನೀರು, ಒಳಚರಂಡಿ ಸಂಪರ್ಕ ಕೊಡಬೇಕು ಎಂದಿತು. 2025ರಲ್ಲಿ ನಮ್ಮ ರಾಜ್ಯದಲ್ಲಿ ಎಷ್ಟೋ ಮನೆಗಳಿಗೆ ಕರೆಂಟೇ ಸಿಗದೆ ಗಲಾಟೆ ಆಗಿದ್ದು ಇದಕ್ಕೇ. ಆಮೇಲೆ 30×40ರವರೆಗಿನ ಸಣ್ಣ ಮನೆಗಳಿಗೆ ಸರ್ಕಾರ ಸಡಿಲ ಮಾಡಿತು. ಮೇಲ್ಮಹಡಿ ಅವರದ್ದು 40×60. ಹಾಗಾಗಿ ಎಚ್ಚರ.

ಸಿಮೆಂಟ್_ಸೀನ
ಇಷ್ಟೆಲ್ಲ ಇದ್ದರೆ ಬಡವರು ಮನೆ ಕಟ್ಟುವುದು ಹೇಗೆ? ಆರ್ಕಿಟೆಕ್ಟ್‌ಗೊಂದು ಫೀಸು, ಸ್ಟ್ರಕ್ಚರಲ್‌ಗೊಂದು, ಸ್ಯಾಂಕ್ಷನ್‌ಗೊಂದು. ಸೀಲ್ ತಂದು ಕೊಡುವವರು ಕಮ್ಮಿ ದುಡ್ಡಲ್ಲಿ ಕೆಲಸ ಮುಗಿಸುತ್ತಾರೆ, ಜನ ಹೋಗುತ್ತಾರೆ. ಜನರ ತಪ್ಪಲ್ಲ.

ಹಂಚಿನಮನೆ
ಜನರ ತಪ್ಪು ಎಂದು ನಾನೂ ಹೇಳುವುದಿಲ್ಲ. ಸೀಲ್ ಕೊಡುವ ನಮ್ಮವರ ತಪ್ಪು. ಹೇಳಲು ನೋವಾಗುತ್ತದೆ, ಆದರೆ ಹೇಳಲೇಬೇಕು. ನೋಂದಣಿ ಮಾಡಿಸಿಕೊಂಡು, ಪ್ರಾಕ್ಟೀಸ್ ಮಾಡದೆ, ಸಹಿಯನ್ನು ಮಾರುವವರು ನಮ್ಮ ವೃತ್ತಿಯೊಳಗೇ ಇದ್ದಾರೆ. ಬೋರ್ಡ್ ಹಾಕಿದ ಹೊರಗಿನವರಿಗಿಂತ ಇವರೇ ಹೆಚ್ಚು ಹಾನಿ ಮಾಡುತ್ತಿರುವುದು. ಇವರ ಮೇಲೆ ಕೌನ್ಸಿಲ್‌ಗೆ ದೂರು ಕೊಡಬಹುದು. ವಿಚಾರಣೆ ನಡೆಸಿ ಎಚ್ಚರಿಕೆ ಕೊಡಲು, ಅಮಾನತು ಮಾಡಲು, ಪಟ್ಟಿಯಿಂದಲೇ ಹೆಸರು ತೆಗೆಯಲು ಕೌನ್ಸಿಲ್‌ಗೆ ಅಧಿಕಾರ ಇದೆ. ಬೋರ್ಡಿನವರಿಗೆ 500 ರೂಪಾಯಿ ಲೆಕ್ಕಕ್ಕಿಲ್ಲ, ಆದರೆ ಸೀಲಿನವರಿಗೆ ಹೆಸರು ಹೋದರೆ ಹೊಟ್ಟೆಪಾಡೇ ಹೋಗುತ್ತದೆ. ಆದ್ದರಿಂದ ಕೇಳುವುದಾದರೆ ಸೀಲಿನವರನ್ನು ಕೇಳಿ.

ಎನ್ಒಸಿ ಬಗ್ಗೆ ಮೂರನೇ ಕ್ರಾಸ್ ಅವರಿಗೆ ಒಂದು ಮಾತು. 1989ರ ನಡತೆ ನಿಯಮಗಳ ಪ್ರಕಾರ, ಬೇರೆ ಆರ್ಕಿಟೆಕ್ಟ್ ಇದ್ದ ಕೆಲಸಕ್ಕೆ ಹೊಸಬರು ಬರುವಾಗ ಮೊದಲಿನವರಿಗೆ ತಿಳಿಸಬೇಕು. ಹಾಗಾಗಿ ಅವರು ಎನ್ಒಸಿ ಕೇಳಿದ್ದು ಸಹಜ. ಒಂದು ನೋಂದಾಯಿತ ಅಂಚೆ ಪತ್ರ ಕಳಿಸಿ, ಅದರ ಪ್ರತಿಯನ್ನು ಹೊಸಬರಿಗೆ ಕೊಡಿ. ಬಹಳ ಸಲ ಅಷ್ಟಕ್ಕೇ ದಾರಿ ಬಿಡುತ್ತದೆ.

ಮೂರನೇ_ಕ್ರಾಸ್
ಈ ಪತ್ರದ ವಿಷಯ ನಮಗೆ ಯಾರೂ ಹೇಳಿರಲಿಲ್ಲ ಮೇಡಂ. ನಾಳೆಯೇ ಬರೆಯುತ್ತೇನೆ.

ಬೆಣ್ಣೆದೋಸೆ
ಅದೇ ನಡತೆ ನಿಯಮದಲ್ಲಿ ಕಮಿಷನ್ ತೆಗೆದುಕೊಳ್ಳಬಾರದು ಎಂದೂ ಇದೆಯಲ್ಲ? ಟೈಲ್ಸ್ ಅಂಗಡಿ, ಗ್ರಾನೈಟ್ ಅಂಗಡಿ, ಸ್ಯಾನಿಟರಿ ಅಂಗಡಿ, ಎಲ್ಲ ಕಡೆ ಶೇಕಡಾ ಇಷ್ಟು ಅಂತ ಮೊದಲೇ ಮಾತಾಗಿರುತ್ತದೆ. ಇಂಜಿನಿಯರುಗಳೂ ತೆಗೆದುಕೊಳ್ಳುತ್ತಾರೆ, ನಾನು ಅಲ್ಲಗಳೆಯುವುದಿಲ್ಲ.

ಹಂಚಿನಮನೆ
ಇದೆ. ಕಮಿಷನ್, ಉಡುಗೊರೆ ಕೊಡುವ ಹಾಗೂ ಇಲ್ಲ, ತೆಗೆದುಕೊಳ್ಳುವ ಹಾಗೂ ಇಲ್ಲ. ಜಾಹೀರಾತು ಕೊಡುವುದಕ್ಕೂ ಕಟ್ಟುಪಾಡು ಇದೆ. ನಮ್ಮ ಆದಾಯ ಮನೆಯವರು ಕೊಡುವ ಫೀಸ್ ಮಾತ್ರ. ಫೀಸನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಿ. ಎಷ್ಟು ಸಲ ಸೈಟಿಗೆ ಬರುತ್ತಾರೆ, ಒಸಿ ಹೊತ್ತಿಗೆ ಪ್ರಮಾಣಪತ್ರ ಕೊಡುತ್ತಾರಾ, ಎಲ್ಲ ಬರೆಸಿ.

ಹಳೇ_ಮೈಸೂರು
ವಿಷಯ ಸ್ವಲ್ಪ ಬೇರೆ. ಈ ಕಾಯ್ದೆ ಬರುವುದಕ್ಕೆ ಎಷ್ಟೋ ಮೊದಲೇ ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ಆರ್ಕಿಟೆಕ್ಟ್ ಎಂಬ ಹುದ್ದೆ ಇತ್ತು. 1939ರಲ್ಲಿ ಬಂದ ಜರ್ಮನ್ ಮೂಲದ ಓಟ್ಟೊ ಕೋನಿಗ್ಸ್‌ಬರ್ಗರ್ ಆ ಹುದ್ದೆಯಲ್ಲಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರ ಕಟ್ಟಡಗಳು ಇವೆ. ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪವೂ ಅವರದ್ದೇ. ವಿಧಾನಸೌಧದ ಹಿಂದೆ ಇದ್ದವರು ಲೋಕೋಪಯೋಗಿ ಇಲಾಖೆಯ ಬಿ.ಆರ್. ಮಾಣಿಕ್ಯಂ. ಯಾವ ಕಟ್ಟಡ ಯಾರದ್ದು ಎನ್ನುವುದು ಆಗ ಗೊತ್ತಿರುತ್ತಿತ್ತು. ನಮ್ಮ ಬಡಾವಣೆಯ ಮನೆಗಳಲ್ಲಿ ಇವತ್ತು ಯಾರ ಕೆಲಸ ಯಾವುದು ಎಂದು ಒಬ್ಬರಿಗೂ ಗೊತ್ತಿಲ್ಲ.

ನಿರ್ವಾಹಕ
ಚರ್ಚೆ ಚೆನ್ನಾಗಿದೆ. ಯಾವುದೇ ಆಫೀಸಿನ, ವ್ಯಕ್ತಿಯ ಹೆಸರು ಹಾಕಿ ಆರೋಪ ಮಾಡಬೇಡಿ. ಅಂಥ ಒಂದು ಪೋಸ್ಟ್ ತೆಗೆದಿದ್ದೇವೆ.

ಡಲ್ಲಾಸ್_ಕನ್ನಡಿಗ
ಹಂಚಿನಮನೆ ಮೇಡಂ, ನನ್ನದೊಂದು ಪ್ರಶ್ನೆ. ವಾಪಸ್ ಬಂದು ಮೈಸೂರಿನಲ್ಲಿ ಆಫೀಸು ತೆರೆಯುವ ಯೋಚನೆ ಇದೆ. ನನ್ನ ಭಾರತದ ನೋಂದಣಿ ಹಳೆಯದು, ನವೀಕರಣ ಮಾಡಿಸಿಲ್ಲ. ಗೆಳೆಯನೊಬ್ಬ ದುಡ್ಡು ಹಾಕುತ್ತಾನೆ, ಅವನು ಎಂಬಿಎ. ಇಬ್ಬರೂ ಸೇರಿ ಪ್ರೈವೇಟ್ ಲಿಮಿಟೆಡ್ ಮಾಡಿ 'ಆರ್ಕಿಟೆಕ್ಟ್ಸ್' ಎಂದು ಹೆಸರಿಡಬಹುದಾ?

ಹಂಚಿನಮನೆ
ಹಾಗೆ ಹೆಸರಿಡಬೇಡಿ. ಕಂಪನಿ ಆರ್ಕಿಟೆಕ್ಟ್ ಆಗಲಾರದು ಎನ್ನುವುದು ಕೌನ್ಸಿಲ್‌ನ ಹಳೆಯ ನಿಲುವು. ಒಬ್ಬರೇ ಮಾಲೀಕರಾಗಿ ನಡೆಸಬಹುದು, ಇಲ್ಲವೇ ಆರ್ಕಿಟೆಕ್ಟ್‌ಗಳೇ ಸೇರಿ ಪಾರ್ಟ್‌ನರ್‌ಶಿಪ್ ಮಾಡಬಹುದು. ಎಲ್ಎಲ್‌ಪಿ (ಸೀಮಿತ ಹೊಣೆಯ ಪಾರ್ಟ್‌ನರ್‌ಶಿಪ್) ಮಾಡುವುದಾದರೆ ಹೆಸರಿಗೆ ಮೊದಲೇ ಕೌನ್ಸಿಲ್ ಒಪ್ಪಿಗೆ ಪಡೆಯಿರಿ. ನಿಮ್ಮ ಎಂಬಿಎ ಗೆಳೆಯರು ಆರ್ಕಿಟೆಕ್ಟ್ಸ್ ಎನ್ನುವ ಸಂಸ್ಥೆಯಲ್ಲಿ ಪಾರ್ಟ್‌ನರ್ ಆಗುವಂತಿಲ್ಲ. ಬೆಂಗಳೂರಿನ ಎಷ್ಟೋ ಕಂಪನಿಗಳ ಹೆಸರಿನಲ್ಲಿ 'ಡಿಸೈನ್', 'ಸ್ಟುಡಿಯೋ' ಇರುತ್ತದೆ, 'ಆರ್ಕಿಟೆಕ್ಟ್ಸ್' ಇರುವುದಿಲ್ಲ, ಗಮನಿಸಿದ್ದೀರಾ?

ಬರುವ ಮೊದಲೇ ನವೀಕರಣಕ್ಕೆ ಬರೆಯಿರಿ. ಹೆಸರು ಪಟ್ಟಿಯಲ್ಲಿ ಚಾಲ್ತಿಯಲ್ಲಿ ಇಲ್ಲದಿದ್ದರೆ ಕಾಯ್ದೆಯ ಪ್ರಕಾರ ನೀವು ಆರ್ಕಿಟೆಕ್ಟ್ ಅಲ್ಲ, ಟೆಕ್ಸಾಸ್ ಲೈಸೆನ್ಸ್ ಇದ್ದರೂ ಅಷ್ಟೇ. ಇನ್ನು ಹೆಸರಿನ ಮುಂದೆ 'ಎಐಐಎ', 'ಎಫ್ಐಐಎ' ಎಂದು ಹಾಕಿಕೊಳ್ಳುವವರನ್ನು ನೋಡಿರುತ್ತೀರಿ. ಅದು ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಟೆಕ್ಟ್ಸ್ ಸಂಘದ ಸದಸ್ಯತ್ವ. ಗೌರವದ ವಿಷಯವೇ, ಆದರೆ ಲೈಸೆನ್ಸ್ ಅಲ್ಲ.

ಮೇಲ್ಮಹಡಿ
ಎಲ್ಲರಿಗೂ ಧನ್ಯವಾದ. ಸೀಲಿನಲ್ಲಿದ್ದ ನಂಬರ್ ಹಾಕಿ ನೋಡಿದೆ, ನೋಂದಣಿ ಚಾಲ್ತಿಯಲ್ಲಿದೆ. ಬೋರ್ಡಿನವರ ಹೆಸರು ಸಿಗಲಿಲ್ಲ. ಸೀಲಿನವರಿಗೇ ಫೋನ್ ಮಾಡಿ, ಸೈಟಿಗೆ ಬಂದು ನೋಡಿ, ಒಸಿವರೆಗೂ ನೀವೇ ಇರುತ್ತೀರಿ ಎಂದು ಒಪ್ಪಂದ ಮಾಡಿಕೊಡಿ, ಆಗದಿದ್ದರೆ ಸಹಿ ವಾಪಸ್ ತೆಗೆದುಕೊಳ್ಳಿ ಎಂದು ಕೇಳಿದ್ದೇನೆ. ಭಾನುವಾರ ಬರುತ್ತೇನೆ ಎಂದಿದ್ದಾರೆ.

ಕರಿಕೋಟು
ಒಳ್ಳೆಯದು. ಒಪ್ಪಂದ ಅವರ ಹೆಸರಿನಲ್ಲೇ ಇರಲಿ, ಅವರ ನೋಂದಣಿ ನಂಬರ್ ಅದರಲ್ಲಿ ಬರೆದಿರಲಿ. ಅಡ್ವಾನ್ಸ್ ಕೊಟ್ಟ ರಸೀದಿ ಜೋಪಾನವಾಗಿಡಿ. ಬೋರ್ಡಿನವರ ಜೊತೆ ವ್ಯವಹಾರ ಕೆಟ್ಟರೆ ಗ್ರಾಹಕರ ಆಯೋಗಕ್ಕೆ ಹೋಗಲು ಅದು ಬೇಕು.

ಪಿಯುಸಿ_ಅಮ್ಮ
ಮಧ್ಯೆ ಬಂದಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಮಗಳು ದ್ವಿತೀಯ ಪಿಯುಸಿ, ಆರ್ಕಿಟೆಕ್ಚರ್ ಎನ್ನುತ್ತಿದ್ದಾಳೆ. ಸಿಇಟಿ ಬರೆದರೆ ಸಾಕಾ? ಇಷ್ಟೆಲ್ಲ ಓದಿದ ಮೇಲೆ ಕಳಿಸುವುದೋ ಬೇಡವೋ ಎಂದು ಭಯವಾಗುತ್ತಿದೆ.

ಥೀಸಿಸ್_ಮುಗೀತು
ಅಮ್ಮಾ, ಸಿಇಟಿ ಸಾಕಾಗುವುದಿಲ್ಲ. ನಾಟಾ ಎನ್ನುವ ಆರ್ಕಿಟೆಕ್ಚರ್ ಪ್ರವೇಶ ಪರೀಕ್ಷೆ ಬರೆಯಬೇಕು, ಅದನ್ನು ನಡೆಸುವುದು ಕೌನ್ಸಿಲ್ಲೇ. ಕೆಇಎ (ರಾಜ್ಯದ ಪರೀಕ್ಷಾ ಪ್ರಾಧಿಕಾರ) ರ್‍ಯಾಂಕ್ ಕೊಡುವಾಗ ನಾಟಾ ಅಂಕಕ್ಕೆ ಅರ್ಧ, ಪಿಯುಸಿ ಅಂಕಕ್ಕೆ ಅರ್ಧ ತೂಕ. ಅವಳಿಗೆ ಚಿತ್ರ ಬಿಡಿಸುವುದು, ಮನೆಗಳನ್ನು, ರಸ್ತೆಗಳನ್ನು ನೋಡುತ್ತಾ ನಿಲ್ಲುವುದು ಇಷ್ಟನಾ? ಇಷ್ಟ ಅಂದರೆ ಕಳಿಸಿ. ಕಾಲೇಜಿಗೆ ಸೇರಿಸುವ ಮೊದಲು ಆ ಕಾಲೇಜಿಗೆ ಆ ವರ್ಷ ಕೌನ್ಸಿಲ್ ಒಪ್ಪಿಗೆ ಇದೆಯಾ, ಎಷ್ಟು ಸೀಟಿಗೆ ಇದೆ ಎಂದು ಕೌನ್ಸಿಲ್ ವೆಬ್‌ಸೈಟಿನಲ್ಲೇ ನೋಡಿ. ಒಪ್ಪಿಗೆ ಇಲ್ಲದ ಕಡೆ ಸೇರಿದರೆ ಐದು ವರ್ಷ ಓದಿದರೂ ನೋಂದಣಿಗೆ ತೊಂದರೆ.

ಟ್ರೇಸಿಂಗ್_ಪೇಪರ್
ರಜೆಯಲ್ಲಿ ಯಾವುದಾದರೂ ಕಟ್ಟುತ್ತಿರುವ ಮನೆಗೆ ಕರೆದುಕೊಂಡು ಹೋಗಿ ಅಮ್ಮಾ. ಸೆಂಟ್ರಿಂಗ್ ಹಾಕುವುದನ್ನು, ಮೋಲ್ಡ್ ಸುರಿಯುವುದನ್ನು ನಿಂತು ನೋಡಲಿ. ನಿಮ್ಮ ಊರು ಹತ್ತಿರ ಇದ್ದರೆ ಹೇಳಿ, ನಮ್ಮ ಸೈಟಿನಲ್ಲೇ ತೋರಿಸುತ್ತೇನೆ. ಹೆಲ್ಮೆಟ್ ನಾನು ಕೊಡುತ್ತೇನೆ.